ಮುರಿದ ಮಾಡು, ಅಳೆಯುವ ಕಣ್ಣು

ಮನೆಯ ಅಂಗಗಳಲ್ಲೆಲ್ಲ ಮಾಡಿನಷ್ಟು ಉಪಕಾರಿಯಾದುದೂ ಮಾಡಿನಷ್ಟು ಅಲಕ್ಷ್ಯಕ್ಕೆ ಗುರಿಯಾದುದೂ ಬೇರೊಂದಿಲ್ಲ. ಹೊಸ್ತಿಲಿಗೆ ಅರಿಸಿನ ಕುಂಕುಮಗಳುಂಟು, ಗೋಡೆಗೆ ಸುಣ್ಣಬಣ್ಣಗಳುಂಟು, ನೆಲಕ್ಕೆ ನಿತ್ಯದ ಸಾರಣೆಯೂ ರಂಗವಲ್ಲಿಯೂ ಉಂಟು. ಹಗಲಿರುಳು ಬಿಸಿಲುಮಳೆಗಳನ್ನು ತನ್ನ ಮೇಲೆ ತಾಳಿಕೊಂಡು ಕೆಳಗಿನವರನ್ನು ಕಾಯುವ ಮಾಡಿನ ಕಡೆಗೆ ಮಾತ್ರ, ಹನಿಯೊಂದು ಸೋರಿ ಹಾಸಿಗೆಯ ಮೇಲೆ ಬೀಳುವವರೆಗೂ, ಮನೆಯವರ ದೃಷ್ಟಿ ಹೊರಳುವುದಿಲ್ಲ. ಹೀಗಿರುವಾಗ ಒಂದು ರಾತ್ರಿಯ ಗಾಳಿಗೆ ಹೆಂಚುಗಳು ಹಾರಿ, ತೆಂಗಿನ ಮರವೊಂದು ಅಡ್ಡಬಿದ್ದು ಪಕ್ಕಾಸುಗಳು ಮುರಿದು, ಮರುದಿನ ವಿಮಾ ಕಂಪನಿಗೆ ಸುದ್ದಿ ಹೋಗಿ, ನಷ್ಟವನ್ನು ಅಳೆಯತಕ್ಕ ಸರ್ವೇಯರು ಬರುವರೆಂಬ ಉತ್ತರ ಬಂದರೆ, ಇಷ್ಟು ಕಾಲವೂ ಕಣ್ಣೆತ್ತಿ ನೋಡದಿದ್ದ ಮಾಡನ್ನು ಒಂದೆರಡು ಹಗಲಿನಲ್ಲಿ ನೋಡಿ, ತಿಳಿದು, ಅಪರಿಚಿತನೊಬ್ಬನಿಗೆ ತಿಳಿಸಿಕೊಡಬೇಕಾದ ಸಂಕಟವು ಗೃಹಸ್ಥನಿಗೆ ಒದಗುತ್ತದೆ. ಈ ಸಂಕಟಕ್ಕೊಂದು ದೀರ್ಘವಾದ ಇತಿಹಾಸವುಂಟು. ಅದನ್ನು ಅರಿತವನಿಗೆ ಆ ದಿನದ ಸಿದ್ಧತೆ ಹೇಗಿರಬೇಕೆಂಬುದು ತಾನಾಗಿಯೆ ಸ್ಪಷ್ಟವಾಗುವುದು.

ವಿಮೆಯೆಂಬುದು ಹುಟ್ಟುವುದಕ್ಕೆ ಮೊದಲೂ ಮಾಡುಗಳು ಮುರಿಯುತ್ತಿದ್ದುವು, ಪುನಃ ಏಳುತ್ತಲೂ ಇದ್ದುವು. ಕರಾವಳಿಯಲ್ಲಿ ಮುಳಿಹುಲ್ಲು ಅಥವಾ ಹೆಣೆದ ತೆಂಗಿನ ಮಡಲು, ಮಲೆನಾಡಿನಲ್ಲಿ ಅಡಕೆಯ ಸೋಗೆ, ಬಯಲುಸೀಮೆಯಲ್ಲಿ ಜಂತಿಗಳ ಮೇಲೆ ಮಣ್ಣು ಹಾಸಿದ ಮಾಳಿಗೆ, ಅನುಕೂಲವಂತರ ಮನೆಗಳಿಗೆ ಕುಂಬಾರನ ನಾಡಹೆಂಚು—ಹೀಗೆ ಆಯಾ ನೆಲದ ಸಾಮಗ್ರಿಯೆ ಆಯಾ ಊರಿನ ತಲೆಯನ್ನು ಕಾಯುತ್ತಿದ್ದಿತು. ಇವೆಲ್ಲಕ್ಕೂ ವರ್ಷಕ್ಕೊಮ್ಮೆಯಾದರೂ ಮನುಷ್ಯನ ಕೈ ಸೋಕಬೇಕಾಗಿದ್ದಿತು. ಹುಲ್ಲಿನ ಮಾಡನ್ನು ಹೊಸದಾಗಿ ಹೊದಿಸಬೇಕು. ಮಾಳಿಗೆಗೆ ಸವಳು ಮಣ್ಣನ್ನು ಹರಡಿ ಬಿರುಕು ಮುಚ್ಚಬೇಕು. ನಾಡಹೆಂಚಿನ ಮನೆಗೆ ಮುಂಗಾರಿಗೆ ಮೊದಲು ಹೆಂಚು ಕೈಯಾಡಿಸಬೇಕು. ತುಳುನಾಡಿನಲ್ಲಿ ಪತ್ತನಾಜೆಯ ಹೊತ್ತಿಗೆ, ಘಟ್ಟದ ಮೇಲೆ ರೋಹಿಣಿ ಮಳೆಗೆ ಮುಂಚೆ, ಮಾಡಿನ ಕೆಲಸಕ್ಕೆ ನೆರೆಹೊರೆಯವರು ಮುಯ್ಯಾಳುಗಳಾಗಿ ಕೂಡುತ್ತಿದ್ದರು. ಇಂದು ನಿನ್ನ ಮನೆ, ನಾಳೆ ನನ್ನ ಮನೆ ಎಂಬ ಅಲಿಖಿತವಾದ ಒಡಂಬಡಿಕೆಯೆ ಅಲ್ಲಿಯ ವಿಮಾ ಪತ್ರವಾಗಿದ್ದಿತು. ಯಾವ ಮನೆಯ ಯಾವ ಗಳು ಕುಟ್ಟೆಹಿಡಿದಿದೆ, ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ ಎಂಬುದನ್ನು ಹತ್ತು ಜನರ ಕಣ್ಣು ವರ್ಷವರ್ಷವೂ ಕಂಡಿರುತ್ತಿದ್ದುದರಿಂದ, ಬಿರುಗಾಳಿಗೆ ಮಾಡು ಬಿದ್ದರೆ ಅದು ಗಾಳಿಯ ಅಪರಾಧವೋ ಮನೆಯವನ ಸೋಮಾರಿತನದ ಫಲವೋ ಎಂಬುದನ್ನು ಊರಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಮಾಡಿನ ಯೋಗಕ್ಷೇಮವು ಒಬ್ಬನದೇ ಹೊಣೆಯಲ್ಲವೆಂಬ ಅರಿವು ನಮ್ಮ ಪ್ರಾಚೀನ ರಾಜನೀತಿಯಲ್ಲಿಯೂ ಕಾಣುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರವು ನಗರಾಡಳಿತದ ಅಧಿಕಾರಿಯಾದ ನಾಗರಿಕನ ಕರ್ತವ್ಯಗಳನ್ನು ವಿಧಿಸುವೆಡೆಯಲ್ಲಿ, ಬೇಸಗೆಯ ನಡುಹಗಲಿನಲ್ಲಿ ಬೆಂಕಿ ಹೊತ್ತಿಸುವುದನ್ನು ನಿರ್ಬಂಧಿಸಿ, ಹುಲ್ಲು ಚಾಪೆಗಳ ಹೊದಿಕೆಗಳನ್ನು ತೆಗೆಸತಕ್ಕದ್ದೆಂದು ಹೇಳಿ, ನೀರಿನ ಕುಂಭ, ಏಣಿ, ಕೊಡಲಿ, ಕೊಕ್ಕೆ ಮೊದಲಾದ ಸಲಕರಣೆಗಳು ಸಿದ್ಧವಾಗಿರಬೇಕೆಂದು ಆಜ್ಞಾಪಿಸುತ್ತದೆ. ಉರಿಯುವ ಮನೆಯ ಕಡೆಗೆ ನೆರವಿಗೆ ಓಡದ ಮನೆಯೊಡೆಯನಿಗೆ 12 ಪಣ, ಬಾಡಿಗೆಯವನಿಗೆ 6 ಪಣ ದಂಡ. ನಷ್ಟವಾದ ಮೇಲೆ ತುಂಬಿಕೊಡುವ ಏರ್ಪಾಡು ಅಲ್ಲಿ ಪ್ರಧಾನವಲ್ಲ. ನಷ್ಟವಾಗದಂತೆ ಮುಂದಾಗಿ ನೋಡಿಕೊಳ್ಳುವ ಕಣ್ಣು ಪ್ರಧಾನ.

ನಷ್ಟವನ್ನು ತುಂಬಿಕೊಡುವ ವ್ಯವಸ್ಥೆಯು ರೂಪುಗೊಂಡುದು ಬೇರೊಂದು ದೇಶದಲ್ಲಿ, ಮಹಾದುರಂತವೊಂದರ ಬೂದಿಯಿಂದ. 1666ನೆಯ ಇಸವಿಯ ಸೆಪ್ಟೆಂಬರ್ 2ರಂದು ಲಂಡನ್ ನಗರದ ಪುಡ್ಡಿಂಗ್ ಲೇನ್ ಎಂಬ ಬೀದಿಯ ರೊಟ್ಟಿಯಂಗಡಿಯಲ್ಲಿ ಹೊತ್ತಿದ ಕಿಡಿಯು ನಾಲ್ಕು ದಿನಗಳಲ್ಲಿ ಸುಮಾರು 13,200 ಮನೆಗಳನ್ನೂ 87 ಚರ್ಚುಗಳನ್ನೂ ನುಂಗಿತು. ಹುಲ್ಲಿನ ಹೊದಿಕೆಯನ್ನು ಆ ನಗರವು 1212ರಷ್ಟು ಹಿಂದೆಯೆ ನಿಷೇಧಿಸಿದ್ದಿತಾದರೂ ಮರದ ಚೌಕಟ್ಟಿನ ಮನೆಗಳು ಒಂದಕ್ಕೊಂದು ಒರಗಿಕೊಂಡು ನಿಂತಿದ್ದುವು. ಉರಿದುಹೋದ ಮನೆಗೂ ಬಾಡಿಗೆ ಸಲ್ಲಿಸುತ್ತ ಅದನ್ನು ಪುನಃ ಕಟ್ಟಿಕೊಡುವ ಭಾರವು ಅಂದಿನ ಕರಾರುಗಳ ಪ್ರಕಾರ ಬಹುಮಟ್ಟಿಗೆ ಬಾಡಿಗೆಯವನ ಮೇಲೆಯೆ ಬೀಳುತ್ತಿದ್ದುದರಿಂದ, ಈ ಅನ್ಯಾಯವನ್ನು ಸರಿಪಡಿಸುವುದಕ್ಕಾಗಿ 1667ರಲ್ಲಿ ಅಗ್ನಿನ್ಯಾಯಾಲಯವೊಂದು ಏರ್ಪಟ್ಟಿತು. ನ್ಯಾಯಾಧೀಶರು ಸಂಭಾವನೆ ಪಡೆಯದೆ ಕುಳಿತು, ಯಾರು ಎಷ್ಟು ಭಾರ ಹೊರಬೇಕೆಂಬುದನ್ನು ಒಂದೊಂದು ಮನೆಗೂ ಪ್ರತ್ಯೇಕವಾಗಿ ನಿರ್ಣಯಿಸಿದರು.

ಅದೇ ಕಾಲದಲ್ಲಿ ವಿಜ್ಞಾನಿಯೆಂದು ಲೋಕಖ್ಯಾತನಾದ ರಾಬರ್ಟ್ ಹುಕ್, ಪೀಟರ್ ಮಿಲ್ಸ್ ಮತ್ತು ಜಾನ್ ಆಲಿವರ್ ಎಂಬವರೊಡನೆ ನಗರದ ಮೋಜಣಿದಾರನಾಗಿ ನಿಯಮಿತನಾಗಿ, ಬೂದಿಯ ನಡುವೆ ಅಡಿಪಾಯಗಳ ಗೆರೆಗಳನ್ನು ಹುಡುಕಿ ಗೂಟ ನೆಡಿಸುತ್ತ, ನೆರೆಯವರ ವಿವಾದಗಳಲ್ಲಿ ಸ್ಥಳಕ್ಕೆ ಹೋಗಿ ಗೋಡೆ ಯಾರದು, ಸೂರಿನ ನೀರು ಎಲ್ಲಿಗೆ ಬೀಳಬೇಕು ಎಂಬಂತಹ ಸಂಗತಿಗಳನ್ನು ಕಣ್ಣಾರೆ ಕಂಡು ವರದಿ ಬರೆಯುತ್ತಿದ್ದನು. ಎರಡು ಪಕ್ಷಗಳಲ್ಲಿ ಯಾವುದಕ್ಕೂ ಸೇರದ, ಕಟ್ಟಡದ ವಿದ್ಯೆಯನ್ನು ಬಲ್ಲ ವ್ಯಕ್ತಿಯೊಬ್ಬನು ಸ್ಥಳದಲ್ಲಿ ನಿಂತು ನೋಡಿ ಬರೆದ ಮಾತಿಗೆ ವಾದಿ ಪ್ರತಿವಾದಿಗಳಿಬ್ಬರೂ ಕಟ್ಟುಬೀಳಬೇಕೆಂಬ ತತ್ತ್ವವು ಹೀಗೆ ಬಲವಾಗಿ ಬೇರೂರಿತು. ಇಂದು ಮುರಿದ ಮಾಡಿನ ಕೆಳಗೆ ಟೇಪು ಹಿಡಿದು ನಿಲ್ಲುವ ಸರ್ವೇಯರನ ಪೂರ್ವಜರನ್ನು ಈ ಬೂದಿಯ ನಡುವೆಯೆ ಹುಡುಕಬೇಕು.

ಪುನರ್ನಿರ್ಮಾಣದ ಗದ್ದಲದಲ್ಲಿ ಮನೆ ಕಟ್ಟಿಸಿ ಮಾರುವ ವ್ಯಾಪಾರದಿಂದ ದೊಡ್ಡವನಾದ ನಿಕೊಲಾಸ್ ಬಾರ್ಬನ್ ಎಂಬ ವೈದ್ಯನು 1680ರ ಸುಮಾರಿಗೆ ಬೆಂಕಿಯ ವಿಮೆಯ ಕಚೇರಿಯನ್ನು ತೆರೆದನು. ಇಟ್ಟಿಗೆಯ ಮನೆಗೆ ವಾರ್ಷಿಕ ಬಾಡಿಗೆಯ ಶೇಕಡ 2.5ರಷ್ಟು, ಮರದ ಮನೆಗೆ ಶೇಕಡ 5ರಷ್ಟು ಕಂತು. ಕಟ್ಟಡದ ಸಾಮಗ್ರಿಗೂ ಅಪಾಯದ ಬೆಲೆಗೂ ಇರುವ ಸಂಬಂಧವನ್ನು ಇಷ್ಟು ನಿಚ್ಚಳವಾದ ಲೆಕ್ಕದಲ್ಲಿ ಇಟ್ಟುದೇ ಈ ಯೋಜನೆಯ ಹಿರಿಮೆ. ಬಳಿಕ ಒಂದರ ಹಿಂದೊಂದು ಸಂಸ್ಥೆಗಳು ಹುಟ್ಟಿದುವು. 1710ರಲ್ಲಿ ಸ್ಥಾಪಿತವಾದ ಸನ್ ಫೈರ್ ಆಫೀಸು ಅವುಗಳಲ್ಲಿ ದೀರ್ಘಾಯುಷಿಯಾದುದು. ವಿಮೆಗೆ ಒಳಪಟ್ಟ ಮನೆಯ ಗೋಡೆಗೆ ಆಯಾ ಸಂಸ್ಥೆಯ ಲಾಂಛನವನ್ನು ಹೊತ್ತ ಸೀಸದ ಫಲಕವನ್ನು ಜಡಿಯುವುದು ಅಂದಿನ ವಾಡಿಕೆ.

ನಷ್ಟವನ್ನು ರುಜುವಾತುಪಡಿಸುವ ಬಗೆಯಾದರೋ ಆಗ ಇಂದಿನಂತಿರಲಿಲ್ಲ. ಹದಿನೆಂಟನೆಯ ಶತಮಾನದ ಹಲವು ಪಾಲಿಸಿಗಳಲ್ಲಿ, ಪರಿಹಾರ ಬೇಡುವವನು ತನ್ನ ಊರಿನ ಪಾದ್ರಿಯಿಂದಲೂ ಚರ್ಚಿನ ಮುಖ್ಯಸ್ಥರಿಂದಲೂ ಗಣ್ಯರಾದ ನಿವಾಸಿಗಳಿಂದಲೂ ತಾನು ಪ್ರಾಮಾಣಿಕನೆಂದೂ ನಷ್ಟವು ವಂಚನೆಯಿಂದ ಆದುದಲ್ಲವೆಂದೂ ಪ್ರಮಾಣಪತ್ರ ತರಬೇಕೆಂಬ ಷರತ್ತು ಇದ್ದಿತು. 1796ರಲ್ಲಿ ತೀರ್ಮಾನವಾದ ವರ್ಸ್ಲಿ ಮತ್ತು ವುಡ್ ನಡುವಣ ಮೊಕದ್ದಮೆಯಲ್ಲಿ, ಪಾದ್ರಿ ಮೊದಲಾದವರು ನ್ಯಾಯವಾದ ಕಾರಣವಿಲ್ಲದೆ ಪತ್ರ ಕೊಡಲೊಪ್ಪಲಿಲ್ಲವೆಂದು ಬೇಡಿಕೆದಾರರು ಮೊರೆಯಿಟ್ಟರೂ, ಷರತ್ತು ಪೂರೈಸದಿದ್ದಮೇಲೆ ಹಣವಿಲ್ಲವೆಂದು ನ್ಯಾಯಾಲಯವು ವಿಧಿಸಿತು. ಊರಿನ ಸಾಕ್ಷ್ಯವೆಂಬುದು ಊರಿನ ದ್ವೇಷಕ್ಕೂ ಎಡೆಗೊಡಬಲ್ಲುದೆಂಬ ಕಹಿಯಾದ ಪಾಠವು ಇದರಲ್ಲಿ ಅಡಗಿದೆ. ನಮ್ಮಲ್ಲಿಯೂ ನೆರೆ ಬೆಂಕಿಗಳ ಅನಂತರ ಪಟೇಲ ಶಾನುಭೋಗರು ಪಂಚರನ್ನು ಕೂಡಿಸಿ ಮಹಜರು ಬರೆಯಿಸುತ್ತಿದ್ದುದನ್ನು ಹಿರಿಯರು ಬಲ್ಲರು. ಆ ಮಹಜರಿನ ಸತ್ಯವೂ ಬರೆಯುವವರ ಸಜ್ಜನಿಕೆಯನ್ನೆ ನೆಚ್ಚಿದ್ದಿತು. ವ್ಯಕ್ತಿಯ ಸಜ್ಜನಿಕೆಯ ಮೇಲೆ ನಿಂತ ಸಾಕ್ಷ್ಯದಿಂದ ವಸ್ತುವಿನ ಪರೀಕ್ಷೆಯ ಮೇಲೆ ನಿಲ್ಲುವ ಸಾಕ್ಷ್ಯದ ಕಡೆಗೆ ಸಾಗಿದುದೇ ಈ ವೃತ್ತಿಯ ಮುನ್ನಡೆ.

ಆ ಮುನ್ನಡೆಯ ಒಂದು ಮುಖ್ಯ ಘಟ್ಟ ಅಮೆರಿಕೆಯ ಫಿಲಡೆಲ್ಫಿಯಾ ನಗರದಲ್ಲಿ ಕಂಡುಬರುತ್ತದೆ. ಬೆಂಜಮಿನ್ ಫ್ರಾಂಕ್ಲಿನ್ ಮುಂತಾದವರು 1752ರಲ್ಲಿ ಅಲ್ಲಿ ಸ್ಥಾಪಿಸಿದ ಪರಸ್ಪರ ವಿಮಾ ಸಂಘವು ಯಾವ ಮನೆಯನ್ನೂ ನೋಡದೆ ವಿಮೆಗೆ ಅಂಗೀಕರಿಸುತ್ತಿರಲಿಲ್ಲ. ಗೋಡೆಯ ದಪ್ಪ, ಅಂತಸ್ತು, ಮೆಟ್ಟಿಲು, ಮರಗೆಲಸ, ಮಾಡಿನ ಹೊದಿಕೆ, ಬೆಂಕಿ ಬಿದ್ದಾಗ ಮಾಡಿನ ಮೇಲಕ್ಕೆ ಹೋಗುವ ದಾರಿ—ಇವೆಲ್ಲವೂ ಅವರ ಸಮೀಕ್ಷಾಪತ್ರಗಳಲ್ಲಿ ದಾಖಲಾಗುತ್ತಿದ್ದುವು. ನಷ್ಟವಾದಂದು ‘ಮೊದಲು ಹೇಗಿತ್ತು?’ ಎಂಬ ಪ್ರಶ್ನೆಗೆ ಉತ್ತರವು ಪೆಟ್ಟಿಗೆಯಲ್ಲಿ ಸಿದ್ಧವಾಗಿರುತ್ತಿದ್ದಿತು. ಮುರಿದುದನ್ನು ಅಳೆಯಬೇಕಾದರೆ ಮುರಿಯದ ಸ್ಥಿತಿಯ ಜ್ಞಾನವಿರಬೇಕೆಂಬ ಈ ಸರಳವಾದ ವಿವೇಕವನ್ನು ನಾವು ಇಂದಿಗೂ ಪೂರ್ತಿಯಾಗಿ ಮೈಗೂಡಿಸಿಕೊಂಡಿಲ್ಲ.

ನಮ್ಮ ನಾಡಿನಲ್ಲಿ ಮಾಡಿನ ನಷ್ಟವು ಎಣಿಕೆಗೆ ಸಿಕ್ಕುವಂತಾದುದು ಮಂಗಳೂರು ಹೆಂಚಿನಿಂದ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ ಸಂಸ್ಥೆಯವರು ಮತಾಂತರಗೊಂಡವರಿಗೆ ಜೀವನೋಪಾಯ ಕಲ್ಪಿಸುವುದಕ್ಕಾಗಿ ನೇಯ್ಗೆ, ಮುದ್ರಣ ಮೊದಲಾದ ಉದ್ಯಮಗಳನ್ನು ಕೈಗೊಂಡಿದ್ದರು. ಅವರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ ಕುಶಲಿಯು ಇಲ್ಲಿಯ ಹೊಳೆದಂಡೆಯ ಜೇಡಿಮಣ್ಣಿನ ಗುಣವನ್ನು ಪರೀಕ್ಷಿಸಿ, 1865ರಲ್ಲಿ ನೇತ್ರಾವತಿಯ ಬಳಿಯ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದನು. ಒಂದು ಹೆಂಚಿನ ಅಂಚು ಮತ್ತೊಂದರ ಕಾಲುವೆಯಲ್ಲಿ ಕೂತು ಬೀಗಿಕೊಳ್ಳುವ ಈ ವಿನ್ಯಾಸದ ಮೂಲ, ಅಲ್ಸೇಸ್ ಪ್ರಾಂತದಲ್ಲಿ 1841ರಲ್ಲಿ ಗಿಲಾರ್ಡೋನಿ ಸಹೋದರರು ರೂಪಿಸಿದ ಹೆಂಚಿನಲ್ಲಿದೆ. ಎರಡು ಮೂರು ಕಿಲೋ ತೂಗುವ ಈ ಕೆಂಪು ಫಲಕವು ರೀಪಿಗೆ ತನ್ನ ಕೊಕ್ಕೆಯನ್ನು ಸಿಕ್ಕಿಸಿಕೊಂಡು ಸ್ವಂತ ಭಾರದಿಂದಲೆ ನಿಲ್ಲುತ್ತದೆ. ಕೆಲವೇ ವರ್ಷಗಳಲ್ಲಿ ದೇಶೀಯರೂ ಕಾರ್ಖಾನೆಗಳನ್ನು ಹೂಡಿದರು. ಶಾಲೆ, ಕಚೇರಿ, ರೈಲು ನಿಲ್ದಾಣಗಳ ಮೇಲೆಲ್ಲ ಈ ಹೆಂಚು ಏರಿತು. ಹಡಗು ಹತ್ತಿ ಪೂರ್ವ ಆಫ್ರಿಕೆಯವರೆಗೂ ಹೋಯಿತು.

ಈ ಹೆಂಚು ತಂದ ಬದಲಾವಣೆಯು ಕೇವಲ ವಾಸ್ತುವಿನದೆಂದು ತಿಳಿಯುವುದು ಸಲ್ಲದು. ಸೋಗೆಯ ಮಾಡಿಗೆ ತೋಟದ ಗರಿಯೂ ಮುಯ್ಯಾಳುಗಳ ಶ್ರಮವೂ ಸಾಕಾಗಿದ್ದುದರಿಂದ ಅದರ ಬೆಲೆಯನ್ನು ಯಾರೂ ರೂಪಾಯಿಯಲ್ಲಿ ಹೇಳಬಲ್ಲವರಾಗಿರಲಿಲ್ಲ. ಮಂಗಳೂರು ಹೆಂಚಿಗಾದರೋ ಸಾವಿರಕ್ಕೆ ಇಷ್ಟೆಂಬ ದರವುಂಟು, ಮೈಮೇಲೆ ಕಾರ್ಖಾನೆಯ ಮುದ್ರೆಯುಂಟು, ಇಷ್ಟು ಚದರಕ್ಕೆ ಇಷ್ಟು ಹೆಂಚು ಎಂಬ ಲೆಕ್ಕವುಂಟು. ಪ್ರತಿವರ್ಷ ಹೊದಿಸುವ ಗೋಜು ತಪ್ಪಿದುದರಿಂದ ನೆರೆಯವರು ಕೂಡುವ ಪ್ರಸಂಗವೂ ತಪ್ಪಿತು. ಮಾಡಿನ ವರ್ತಮಾನವನ್ನು ಬಲ್ಲ ಹತ್ತು ಕಣ್ಣುಗಳು ಬೇರೆ ಕೆಲಸಗಳ ಕಡೆಗೆ ತಿರುಗಿದುವು. ಮಾಡು ಬಾಳಿಕೆಯದಾಯಿತು, ಬೆಲೆಯುಳ್ಳದ್ದಾಯಿತು, ಆದರೆ ಒಬ್ಬಂಟಿಯಾಯಿತು. ವಿಮೆಯು ಪ್ರವೇಶಿಸಬೇಕಾದ ಬಾಗಿಲು ತೆರೆದುದು ಇಲ್ಲಿಯೆ. 1923ರ ಮಹಾಪ್ರವಾಹದಲ್ಲಿಯೂ, ಬಂಟ್ವಾಳವನ್ನು ಮುಳುಗಿಸಿದ 1974ರ ನೆರೆಯಲ್ಲಿಯೂ ನೇತ್ರಾವತಿಯ ದಂಡೆಯವರು ಕಳೆದುಕೊಂಡುದು ಇಂತಹ ಬೆಲೆಯುಳ್ಳ ಮನೆಗಳನ್ನು.

ಭಾರತದಲ್ಲಿ ಸಾಮಾನ್ಯ ವಿಮೆಯ ಆರಂಭವನ್ನು 1850ರಲ್ಲಿ ಕಲಕತ್ತೆಯಲ್ಲಿ ಸ್ಥಾಪಿತವಾದ ಟ್ರೈಟನ್ ಕಂಪನಿಯಿಂದ ಗಣಿಸುವುದು ವಾಡಿಕೆ. 1907ರಲ್ಲಿ ಇಂಡಿಯನ್ ಮರ್ಕಂಟೈಲ್, 1919ರಲ್ಲಿ ದೊರಾಬ್ಜಿ ತಾತಾ ಅವರ ನ್ಯೂ ಇಂಡಿಯಾ—ಹೀಗೆ ಭಾರತೀಯರ ಸಂಸ್ಥೆಗಳು ತಲೆಯೆತ್ತಿದುವು. ಮೈಸೂರು ಸಂಸ್ಥಾನವು 1891ರಷ್ಟು ಹಿಂದೆಯೆ ತನ್ನ ನೌಕರರಿಗೆ ಜೀವವಿಮೆಯ ಇಲಾಖೆಯನ್ನು ಏರ್ಪಡಿಸಿದ್ದಿತು. ಆದರೆ ಬದುಕಿಗೆ ವಿಮೆ ಮಾಡಿಸುವ ಅಭ್ಯಾಸವು ಜನದಲ್ಲಿ ಹರಡಿದಷ್ಟು ಸುಲಭವಾಗಿ ಮನೆಗೆ ವಿಮೆ ಮಾಡಿಸುವ ಅಭ್ಯಾಸವು ಹರಡಲಿಲ್ಲ. ಗೋದಾಮು, ಗಿರಣಿ, ಹತ್ತಿಯ ಮೂಟೆಗಳು ಮೊದಲು ವಿಮೆಯ ರಕ್ಷಣೆಗೆ ಒಳಪಟ್ಟುವು. ವಾಸದ ಮನೆ ಬಹಳ ತಡವಾಗಿ, ಅದೂ ಹೆಚ್ಚಾಗಿ ಬ್ಯಾಂಕಿನ ಸಾಲದ ನೆರಳಿನಲ್ಲಿ, ಆ ರಕ್ಷಣೆಗೆ ಬಂದಿತು. 1972ರ ಶಾಸನದಂತೆ 107 ಸಂಸ್ಥೆಗಳ ವ್ಯವಹಾರವು ರಾಷ್ಟ್ರೀಕೃತವಾಗಿ, 1973ರ ಜನವರಿ 1ರಿಂದ ನಾಲ್ಕು ಸರ್ಕಾರಿ ಕಂಪನಿಗಳ ಅಧೀನವಾಯಿತು. 1999ರ ಶಾಸನವು ಖಾಸಗಿಯವರಿಗೆ ಪುನಃ ದಾರಿ ತೆರೆದು ನಿಯಂತ್ರಣ ಪ್ರಾಧಿಕಾರವನ್ನು ನೆಲೆಗೊಳಿಸಿತು.

ಸರ್ವೇಯರನಿಗೆ ಶಾಸನದ ಸ್ಥಾನವು ದೊರೆತುದು 1938ರ ವಿಮಾ ಅಧಿನಿಯಮಕ್ಕೆ 1968ರಲ್ಲಿ ಆದ ತಿದ್ದುಪಡಿಯಿಂದ. ಪರವಾನಗಿ ಪಡೆದ ಸರ್ವೇಯರನ ವರದಿಯಿಲ್ಲದೆ ನಿಗದಿಯಾದ ಮೊತ್ತಕ್ಕೆ ಮೀರಿದ ನಷ್ಟವನ್ನು ಇತ್ಯರ್ಥಪಡಿಸಕೂಡದೆಂಬ ವಿಧಿಯು ಅದರಿಂದ ನೆಲೆನಿಂತಿತು. ಬಹುಕಾಲದವರೆಗೆ ಆ ಮೊತ್ತವು 20,000 ರೂಪಾಯಿಯಾಗಿದ್ದಿತು. ಆತನಿಗೆ ಶುಲ್ಕ ಕೊಡುವುದು ಕಂಪನಿಯಾದರೂ ಆತನ ಧರ್ಮವು ಕಂಪನಿಯ ಪಕ್ಷವಾದವಲ್ಲ. ಕಾರಣ, ಪ್ರಮಾಣ, ಬೆಲೆ ಎಂಬ ಮೂರನ್ನು ಕಂಡಂತೆ ಹೇಳುವುದು. ಮನೆಯವನು ಆತನನ್ನು ಶತ್ರುವೆಂದು ಬಗೆದು ಬಾಯಿ ಕಟ್ಟಿಕೊಂಡರೂ ತಪ್ಪು, ಉಪಕಾರಿಯೆಂದು ಬಗೆದು ಓಲೈಸಿದರೂ ತಪ್ಪು.

ಆತನ ಕಣ್ಣು ಮಾಡಿನಲ್ಲಿ ಏನನ್ನು ಓದುತ್ತದೆಂಬುದನ್ನು ಗೃಹಸ್ಥನು ತಿಳಿದಿರುವುದು ಸಿದ್ಧತೆಯ ಮೊದಲ ಪಾಠ. ಈಗತಾನೆ ಒಡೆದ ಹೆಂಚಿನ ಅಂಚು ಕೆಂಪಾಗಿ, ಹರಿತವಾಗಿ ಕಾಣುವುದು. ಹಿಂದಿನ ಮಳೆಗಾಲಗಳಲ್ಲಿ ಒಡೆದುದರ ಅಂಚು ಕಪ್ಪಿಟ್ಟು ಪಾಚಿಗಟ್ಟಿರುವುದು. ಗಾಳಿಯು ಮಾಡಿನ ಅಂಚು, ಮೂಲೆ, ನೆತ್ತಿಗಳಲ್ಲಿ ಹೀರುವ ಬಲವನ್ನು ಉಂಟುಮಾಡಿ ಮೊದಲು ಅಲ್ಲಿಯ ಹೆಂಚುಗಳನ್ನೆ ಎತ್ತುತ್ತದೆ; ನಟ್ಟನಡುವೆ ತಗ್ಗಾಗಿ ಕುಸಿದ ಮಾಡು ಗಾಳಿಗಿಂತ ಹೆಚ್ಚಾಗಿ ಗೆದ್ದಲಿನ ಕಥೆಯನ್ನು ಹೇಳುತ್ತದೆ. ಮರದಿಂದ ಮುರಿದ ಪಕ್ಕಾಸಿನ ಸೀಳು ತಾಜಾ ಬಿಳುಪನ್ನು ತೋರಿದರೆ, ಕುಂಬಾದ ಪಕ್ಕಾಸು ಪುಡಿಪುಡಿಯಾಗಿ ಉದುರುತ್ತದೆ. ಕಾಲಕ್ರಮದ ಸವಕಳಿಗೆ ಪಾಲಿಸಿಯು ಹೊಣೆಯಲ್ಲ, ಅಕಸ್ಮಾತ್ತಾದ ಬಿರುಗಾಳಿ ನೆರೆಗಳಿಗೆ ಹೊಣೆ. ಈ ಗೆರೆಯನ್ನು ಎಳೆಯುವುದಕ್ಕಾಗಿಯೆ ಸರ್ವೇಯರು ಏಣಿ ಹತ್ತುವುದು.

ಆದುದರಿಂದ ಸಾಕ್ಷ್ಯವನ್ನು ಅಳಿಸದಂತೆ ಮನೆಯನ್ನು ರಕ್ಷಿಸುವುದೇ ಗೃಹಸ್ಥನು ಮೊದಲು ಮಾಡತಕ್ಕ ಕೆಲಸ. ಕಂಪನಿಗೆ ಒಡನೆಯೆ ಸುದ್ದಿ ಮುಟ್ಟಿಸಿ, ನಷ್ಟವು ಇನ್ನೂ ಹೆಚ್ಚದಂತೆ ಟಾರ್ಪಾಲು ಹೊದಿಸುವುದು ಕರ್ತವ್ಯವೂ ಹೌದು, ಪಾಲಿಸಿಯ ಷರತ್ತೂ ಹೌದು. ಆದರೆ ಹೊದಿಸುವುದಕ್ಕೆ ಮೊದಲು ನಾಲ್ಕು ದಿಕ್ಕಿನಿಂದಲೂ, ಒಳಗಿನಿಂದಲೂ ಚಿತ್ರಗಳನ್ನು ತೆಗೆದಿಡಬೇಕು. ಒಡೆದ ಹೆಂಚುಗಳನ್ನೂ ಮುರಿದ ಮರವನ್ನೂ ಗುಡಿಸಿ ಎಸೆಯದೆ ಅಂಗಳದ ಒಂದು ಮೂಲೆಯಲ್ಲಿ ಒಟ್ಟಿ ಇಡಬೇಕು; ಹೆಂಚಿನ ಮೇಲಿನ ಮುದ್ರೆಯಿಂದ ಅದು ಯಾವ ತಯಾರಿಕೆಯದೆಂಬುದು ತಿಳಿಯುವುದಲ್ಲದೆ, ಬೇರೆ ಅಚ್ಚಿನ ಹೆಂಚು ಹಳೆಯ ಸಾಲಿನಲ್ಲಿ ಬೀಗಿಕೊಳ್ಳದೆ ಹೋದರೆ ಹತ್ತು ಹೆಂಚಿನ ನಷ್ಟವು ಒಂದು ಪಾರ್ಶ್ವದ ನಷ್ಟವಾಗುವುದೂ ಉಂಟು. ನಂಬಿಕೆಯ ಬಡಗಿಯಿಂದ ಅಂದಾಜು ಪಟ್ಟಿ, ಹಿಂದೆ ಮಾಡಿಸಿದ ದುರಸ್ತಿಯ ರಸೀದಿಗಳು, ಮಾಡು ಸರಿಯಾಗಿದ್ದ ಕಾಲದ ಚಿತ್ರ, ತೆರಿಗೆಯ ಚೀಟಿ, ಗಾಳಿ ಬೀಸಿದ ದಿನದ ವೃತ್ತಪತ್ರಿಕೆಯ ವರದಿ—ಇಷ್ಟನ್ನು ಒಂದು ಕಡತದಲ್ಲಿ ಸೇರಿಸಿ, ಗಟ್ಟಿಯಾದ ಏಣಿಯನ್ನೂ ಹತ್ತಬಲ್ಲ ಆಳನ್ನೂ ಗೊತ್ತುಮಾಡಿಟ್ಟರೆ ಹೊರಗಿನ ಸಿದ್ಧತೆ ಮುಗಿದಂತೆ.

ಒಳಗಿನ ಸಿದ್ಧತೆ ಸತ್ಯದ್ದು. ಹಿಂದೆಯೆ ಸೋರುತ್ತಿದ್ದ ಮೂಲೆಯನ್ನು ಮೊನ್ನೆಯ ಗಾಳಿಯ ಲೆಕ್ಕಕ್ಕೆ ಸೇರಿಸುವ ಆಸೆ ಮನುಷ್ಯಸಹಜವಾದರೂ, ಪಾಚಿಗಟ್ಟಿದ ಒಂದು ಅಂಚು ಆ ಮಾತನ್ನು ಸುಳ್ಳುಮಾಡಿದೊಡನೆಯೆ ನಿಜವಾದ ಉಳಿದ ಮಾತುಗಳೂ ಸಂದೇಹಕ್ಕೆ ಗುರಿಯಾಗುತ್ತವೆ. ‘ಇದು ಹಳೆಯದು, ಇದು ಹೊಸದು’ ಎಂದು ತಾನೇ ಬೆರಳಿಟ್ಟು ತೋರಿಸುವ ಮನೆಯವನ ಮಾತಿಗೆ ತೂಕವುಂಟು. ವಿಮೆ ಮಾಡಿಸುವಾಗಲೂ ಇದೇ ನ್ಯಾಯ: ಕಂತನ್ನು ಉಳಿಸುವ ಆಸೆಗೆ ಹತ್ತು ಲಕ್ಷದ ಮನೆಯನ್ನು ಐದು ಲಕ್ಷಕ್ಕೆ ಬರೆಯಿಸಿದವನಿಗೆ ನಷ್ಟದಲ್ಲಿಯೂ ಅರ್ಧವೇ ದೊರೆಯುವುದು ಹಳೆಯ ಅಗ್ನಿವಿಮೆಯ ನಿಯಮ. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ ಗೃಹ ರಕ್ಷಾ ಪಾಲಿಸಿಯಲ್ಲಿ ವಾಸದ ಮನೆಗಳ ಮಟ್ಟಿಗೆ ಆ ಕಡಿತವನ್ನು ಕೈಬಿಟ್ಟಿರುವುದು ಗೃಹಸ್ಥರಿಗೆ ದೊರೆತ ದೊಡ್ಡ ಅನುಕೂಲ. ಪ್ರಾಮಾಣಿಕವಾದ ಬೆಲೆಯನ್ನು ಬರೆಯಿಸುವ ಕರ್ತವ್ಯಕ್ಕೆ ಅದರಿಂದ ರಿಯಾಯಿತಿ ಬಂದಿತೆಂದು ಭಾವಿಸಲಾಗದು.

ಇಷ್ಟೆಲ್ಲವನ್ನೂ ನೋಡಿದಮೇಲೆ ನನಗೆ ದೃಢವಾಗುವ ಸಂಗತಿಯೊಂದೆ: ಸರ್ವೇಯರನ ಭೇಟಿಗೆ ಸಿದ್ಧತೆಯು ಗಾಳಿ ಬೀಸಿದ ಮರುದಿನ ಆರಂಭವಾದರೆ ಅದು ತಡವಾಯಿತು; ಅದು ಆರಂಭವಾಗಬೇಕಾದುದು ಪ್ರತಿ ವರ್ಷದ ಮುಂಗಾರಿಗೆ ಮೊದಲು, ಹಿರಿಯರು ಹೆಂಚು ಕೈಯಾಡಿಸುತ್ತಿದ್ದ ದಿನಗಳಲ್ಲಿ. ಊರಿನ ಹತ್ತು ಕಣ್ಣುಗಳು ಹೊತ್ತಿದ್ದ ನೆನಪನ್ನು ಇಂದು ಮನೆಯೊಂದರ ಪುಸ್ತಕವು ಹೊರಬೇಕಾಗಿದೆ: ಯಾವ ವರ್ಷ ಎಷ್ಟು ಹೆಂಚು ಬದಲಾಯಿತು, ಯಾವ ಪಕ್ಕಾಸಿಗೆ ಗೆದ್ದಲಿನ ಎಣ್ಣೆ ಬಳಿದುದು, ಯಾವ ಮರದ ಕೊಂಬೆಯನ್ನು ಕಡಿಸಿದುದು. ಇದನ್ನು ಮನೆಮನೆಯವರ ಉತ್ಸಾಹಕ್ಕೆ ಬಿಡುವುದಕ್ಕಿಂತ ಊರಿನ ಸಹಕಾರಿ ಸಂಘಗಳು ಕೈಗೆತ್ತಿಕೊಂಡರೆ ಲೇಸು. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರಿ ಸಂಘವನ್ನು ಕಟ್ಟಿ ರೈತನ ಸಾಲದ ಸಂಕಟಕ್ಕೆ ಊರಿನ ಒಗ್ಗಟ್ಟನ್ನೆ ಮದ್ದಾಗಿ ಮಾಡಿದ ನಾಡು ಇದು. ಮನೆಗೆ ಸಾಲ ಕೊಡುವ ಸಂಘವು ಪ್ರತಿ ಮೇ ತಿಂಗಳಲ್ಲಿ ಒಬ್ಬ ಅನುಭವಿಯಾದ ಬಡಗಿಯನ್ನು ಸದಸ್ಯರ ಮಾಡುಗಳಿಗೆ ಹತ್ತಿಸಿ, ಕಂಡುದನ್ನು ಬರೆದು, ಮನೆಯವನ ಸಹಿ ಪಡೆದು ಕಡತದಲ್ಲಿ ಇರಿಸಿದರೆ, ಫಿಲಡೆಲ್ಫಿಯಾದ ಸಮೀಕ್ಷಾಪತ್ರವೂ ನಮ್ಮ ಮುಯ್ಯಾಳುಗಳ ಕಣ್ಣೂ ಒಂದೆಡೆಯಲ್ಲಿ ಕೂಡಿದಂತಾಗುವುದು. ಆಗ ನಷ್ಟದ ದಿನ ಸರ್ವೇಯರನಿಗೆ ಊಹೆಯ ಹಂಗಿಲ್ಲ, ಮನೆಯವನಿಗೆ ಯಾಚನೆಯ ದೈನ್ಯವಿಲ್ಲ. ಅದಕ್ಕೆ ಬೇಕಾದುದು ಒಂದು ಏಣಿ, ಒಂದು ಪುಸ್ತಕ, ವರ್ಷಕ್ಕೊಂದು ಹಗಲು.